ಕ್ಯಾಸೆಟ್ಟಿನ ಎರಡು ಬದಿ

ನಮ್ಮ ಮನೆಯಲ್ಲಿ ಬೆಳಗಿನ ಬೋಣಿ ಆಗುವ ತನಕ ಯಾರೂ ‘ಇಲ್ಲ’ ಎನ್ನುವಂತಿರಲಿಲ್ಲ. ಡಬ್ಬಿಯಲ್ಲಿ ಉಪ್ಪು ಮುಗಿದಿದ್ದರೆ ಉಪ್ಪು ಹೆಚ್ಚಾಗಿದೆ ಎನ್ನಬೇಕು. ಅಕ್ಕಿ ಮುಗಿದಿದ್ದರೆ ಅಕ್ಕಿ ಹೆಚ್ಚಾಗಿದೆ. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನವೇ ಕೆಟ್ಟಿತು ಎಂದು ಮೀನು ಮಾರುವ ನಮ್ಮ ಅಜ್ಜಿ ಸೀತು ಗಟ್ಟಿಯಾಗಿ ನಂಬಿದ್ದಳು. ಒಮ್ಮೆ ಯಾರೋ ಕಾರು ನಿಲ್ಲಿಸಿ ಕಾಣೆ ಮೀನು ಕೇಳಿದರಂತೆ. ಅಜ್ಜಿಯ ಬುಟ್ಟಿಯಲ್ಲಿ ಇದ್ದದ್ದು ಬರೀ ಬೈಗೆ ಮೀನು. ಇಲ್ಲ ಎನ್ನುವ ಬದಲು ಅವಳು ಪಕ್ಕದ ಗಿರಿಜಕ್ಕನ ಬುಟ್ಟಿಗೇ ಕೈ ಹಾಕಿ ನಾಲ್ಕು ಕಾಣೆ ಎತ್ತಿ ಕೊಟ್ಟುಬಿಟ್ಟಳು. ಗಿರಿಜಕ್ಕ ಮಧ್ಯಾಹ್ನದವರೆಗೂ ಬೈದಳು, ಅಜ್ಜಿ ಮಧ್ಯಾಹ್ನದವರೆಗೂ ನಕ್ಕಳು. ಈ ನಿಯಮದ ಲಾಭ ಪಡೆಯಲು ನಾನೂ ತಮ್ಮನೂ ಬೆಳಿಗ್ಗೆ ಏಳುತ್ತಲೇ ಪೆನ್ನು, ರಿಬ್ಬನ್ನು, ಐಸ್‌ಕ್ಯಾಂಡಿ ಎಂದು ಒಂದೊಂದೇ ಕೇಳುತ್ತಿದ್ದೆವು. ಆದರೆ ಅಮ್ಮ ಬುದ್ಧಿವಂತೆ. ಇಲ್ಲ ಅನ್ನುತ್ತಿರಲಿಲ್ಲ, ಸೌಟು ತೋರಿಸುತ್ತಿದ್ದಳು.

ತ್ರಾಸಿಯಲ್ಲಿ ಹೆದ್ದಾರಿಗೂ ಕಡಲಿಗೂ ನಡುವೆ ನಮ್ಮ ಹಂಚಿನ ಮನೆ. ಮೂರು ಕೋಣೆ, ಒಂದು ಜಗಲಿ. ಒಂದು ಕಿವಿಗೆ ಲಾರಿಯ ಹಾರ್ನು, ಇನ್ನೊಂದು ಕಿವಿಗೆ ಅಲೆ. ಎರಡರ ನಡುವೆ ನಾವು ಓದಬೇಕು, ಮಲಗಬೇಕು, ಜಗಳ ಆಡಬೇಕು. ಅಪ್ಪ ಬೋಟಿನ ಕೆಲಸದಲ್ಲಿ ವಾರಗಟ್ಟಲೆ ನೀರಿನ ಮೇಲಿರುತ್ತಿದ್ದುದರಿಂದ ಮನೆಯಲ್ಲಿ ಹೆಂಗಸರದೇ ರಾಜ್ಯ. ಅಡುಗೆಮನೆಯಲ್ಲಿ ಅಮ್ಮ, ಜಗಲಿಯಲ್ಲಿ ಅಜ್ಜಿ. ಇಬ್ಬರ ನಡುವೆ ಗಡಿ ತಕರಾರು ನಡೆಯದ ದಿನವಿರಲಿಲ್ಲ. ಮೀನು ಸಾರಿಗೆ ಹುಳಿ ಸಾಲದು ಎಂದು ಅಜ್ಜಿ ಜಗಲಿಯಿಂದ ವಾಸನೆಯಲ್ಲೇ ಹೇಳುತ್ತಿದ್ದಳು, ಅಮ್ಮ ಪಾತ್ರೆಯನ್ನು ಕುಕ್ಕಿ ಉತ್ತರ ಕೊಡುತ್ತಿದ್ದಳು. ನಡುಕೋಣೆಯ ಶೆಲ್ಫಿನಲ್ಲಿ ಮುಂಬಯಿಯ ಮಾವ ತಂದುಕೊಟ್ಟ ಟೇಪ್‌ರೆಕಾರ್ಡರ್ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಅದನ್ನು ಮುಟ್ಟಬೇಕಾದರೆ ಕೈ ತೊಳೆದು ಬರಬೇಕು, ಅದೂ ಸೋಪು ಹಾಕಿ. ಮೀನು ಮುಟ್ಟಿದ ಕೈ ಅದಕ್ಕೆ ತಗಲಬಾರದೆಂದು ಮಾವ ಊರಿಗೆ ಬಂದಾಗಲೆಲ್ಲ “ಅರೇ, ಸಂಭಾಲ್ಕೆ! ಜೋಪಾನ!” ಎಂದು ಕಿರುಚುತ್ತಿದ್ದ.

ಅಜ್ಜಿಯ ಬುಟ್ಟಿ ಜಗಲಿಯ ಮಾಡಿಗೆ ನೇತು ಹಾಕಿರುತ್ತಿತ್ತು. ಸುಮಾರು ನಲವತ್ತು ವರ್ಷ ಅದನ್ನು ತಲೆಯ ಮೇಲಿಟ್ಟುಕೊಂಡು ಗುಜ್ಜಾಡಿ, ಹೊಸಾಡು ಎಂದು ಗದ್ದೆ ಅಂಚಿನಲ್ಲಿ ನಡೆದವಳು ಅವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಮಂಡಿ ಕೈಕೊಟ್ಟು, ಬೆಳಗಿನ ಎರಡು ಗಂಟೆ ಹೆದ್ದಾರಿ ಬದಿಯಲ್ಲಿ ಕೊಡೆ ಬಿಚ್ಚಿ ಕೂತು ಮಾರುವುದಷ್ಟೇ ಉಳಿದಿತ್ತು. ನಮ್ಮ ಶಾಲೆಯ ಬಸ್ಸು ಸರಿಯಾಗಿ ಅವಳೆದುರೇ ನಿಲ್ಲುತ್ತಿತ್ತು. ನಾನು ಐವತ್ತು ಹೆಜ್ಜೆ ಮುಂದೆ ನಡೆದು, ಅಲ್ಲಿ ಕೈ ತೋರಿಸಿ ಬಸ್ಸು ಹತ್ತುತ್ತಿದ್ದೆ. ಅಜ್ಜಿ ಅದನ್ನು ನೋಡುತ್ತಿದ್ದಳೋ ಇಲ್ಲವೋ ನಾನು ತಿರುಗಿ ನೋಡಿದವಳಲ್ಲ. ಈಗ ಬರೆಯುವಾಗಲೂ ಈ ಸಾಲಿನಲ್ಲಿ ಪೆನ್ನು ನಿಲ್ಲುತ್ತದೆ.

ಒಂಬತ್ತನೇ ಕ್ಲಾಸಿನಲ್ಲಿ ವಿಮಲಾ ಟೀಚರ್ ನಮಗೊಂದು ಪ್ರಾಜೆಕ್ಟ್ ಕೊಟ್ಟರು. ಪ್ರತಿಯೊಬ್ಬರೂ ಊರಿನ ಒಬ್ಬ ಹಿರಿಯರನ್ನು ಸಂದರ್ಶಿಸಿ, ಹಳೆಯ ಕಾಲದ ಬದುಕು ಹೇಗಿತ್ತೆಂದು ಅವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಟೇಪ್‌ರೆಕಾರ್ಡರ್ ಇದ್ದವರು ಕ್ಯಾಸೆಟ್ಟಿನಲ್ಲಿ, ಇಲ್ಲದವರು ನೋಟ್‌ಬುಕ್ಕಿನಲ್ಲಿ. ಕಪ್ಪುಹಲಗೆಯ ಮೇಲೆ ಇಪ್ಪತ್ತು ಪ್ರಶ್ನೆ ಬರೆದರು. ಇಡೀ ಕ್ಲಾಸಿನಲ್ಲಿ ರೆಕಾರ್ಡ್ ಮಾಡುವ ಯಂತ್ರ ಇದ್ದದ್ದು ನಾಲ್ವರ ಮನೆಯಲ್ಲಿ, ಅದರಲ್ಲಿ ನಾನೊಬ್ಬಳು. ಅವತ್ತು ಮನೆಗೆ ಓಡಿಬಂದು ಜಗಲಿ ಹತ್ತುವ ಮೊದಲೇ ಕೂಗಿ ಹೇಳಿದೆ. ಅಮ್ಮ ಹೂಂ ಅಂದಳು. ಅಜ್ಜಿ ಮಾತ್ರ ಮೀನು ಕೊರೆಯುವುದನ್ನು ನಿಲ್ಲಿಸಿ ಎರಡೆರಡು ಸಲ ಕೇಳಿದಳು: ಯಾರ ಮಾತು, ಎಷ್ಟು ಹೊತ್ತಿನ ಮಾತು, ಯಾರು ಕೇಳುವವರು?

ಶನಿವಾರ ಮಧ್ಯಾಹ್ನ ನಾನು ಟೇಪ್‌ರೆಕಾರ್ಡರನ್ನು ಚೀಲಕ್ಕೆ ಹಾಕಿ ಹೊರಗೆ ಬಂದಾಗ ಅಜ್ಜಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿಯಲ್ಲಿ ಅವಳು ಕೂರುವವಳೇ ಅಲ್ಲ. ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆ ಮನೆಗೆ ಮಾತ್ರ ಉಡುವ ಹಸಿರು ಸೀರೆ ಉಟ್ಟಿದ್ದಳು.

“ಎಲ್ಲಿಗ್ ಹೊರ್ಟದ್ ಹೆಣೆ?”

“ಹೊಸಾಡಿಗೆ. ಅರ್ಚನಾನ ಅಜ್ಜಯ್ಯ ಇದ್ರಲೆ, ಹೆಡ್‌ಮಾಸ್ಟ್ರ್ ಆಯಿದ್ರ್. ಅವ್ರ್ ಮಾತ್ ರೆಕಾರ್ಡ್ ಮಾಡುಕೆ.”

“ಹ್ಞಾ,” ಎಂದಳು ಅಜ್ಜಿ. “ಅವ್ರಿಗ್ ಸುಮಾರ್ ಗೊತ್ತಿರತ್ತ್.”

ಅಷ್ಟೇ. ಎದ್ದು ಒಳಗೆ ಹೋದಳು. ಗೇಟಿನ ಹತ್ತಿರ ನಾನು ಚಪ್ಪಲಿ ಸರಿಮಾಡಿಕೊಳ್ಳುವಷ್ಟರಲ್ಲಿ ಹಳೆಯ ಕಂದು ಸೀರೆಯಲ್ಲಿ ಹೊರಗೆ ಬಂದು ಮತ್ತೆ ನೆಲದ ಮೇಲೆ ಕೂತಾಗಿತ್ತು. ನನಗೆ ಎಲ್ಲವೂ ಅರ್ಥವಾಗಿತ್ತು, ಅರ್ಥವಾಗದವಳ ಹಾಗೆ ನಡೆದೆ. ಮೀನು ಮಾರುವ ಹೆಂಗಸಿನ ಮಾತನ್ನು ಇಡೀ ಕ್ಲಾಸಿನ ಎದುರು ಹಾಕುವುದೇ? ಅವಳು ನನ್ನ ಅಜ್ಜಿ ಎಂದು ಎಲ್ಲರಿಗೂ ಗೊತ್ತಾಗುವುದೇ? ನಾಚಿಕೆ ಎಂದರೆ ಅದೇ, ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಹೊಸಾಡಿನ ಮೇಷ್ಟ್ರು ದೊಡ್ಡ ಮನಸ್ಸಿನವರು. ಅರ್ಚನಾ ನನ್ನ ಗೆಳತಿ, ಅವಳ ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ಕೂರಿಸಿದರು. ಕೆಂಪು ಗುಂಡಿ ಒತ್ತಿದ್ದೇ ಅವರ ದನಿ ರೇಡಿಯೋದ್ದಾಯಿತು. ಮೊದಲ ಹತ್ತು ಪ್ರಶ್ನೆಗೂ ಪುಸ್ತಕದ ಕನ್ನಡದಲ್ಲಿ ಉತ್ತರಿಸಿದರು. ಹನ್ನೊಂದನೆಯದು, ನೀವು ಕಂಡ ದೊಡ್ಡ ನೆರೆಯ ಬಗ್ಗೆ ಹೇಳಿ ಎಂಬುದು. ಅಲ್ಲಿಗೆ ಬಂದಾಗ ಮೇಷ್ಟ್ರು ಯಂತ್ರವನ್ನು ಮರೆತು ನಮ್ಮ ಮಾತಿಗೆ ಇಳಿದರು.

“ಆ ವರ್ಷ ಹೊಳಿ ಉಕ್ಕಿ ಗದ್ದಿ ಎಲ್ಲ ಸಮುದ್ರ. ನನ್ ಹೆಂಡ್ತಿಗೆ ಹೆರ್ಗಿ ನೋವ್ ಶುರುವಾಯ್ತ್. ಸೂಲಗಿತ್ತಿ ಇಪ್ಪುದ್ ಆಚಿ ದಡದಗೆ. ನಾವ್ ಗಂಡಸ್ರೆಲ್ಲ ಜಗಲಿ ಮೇಲ್ ನಿಂತ್ ನೀರ್ ಕಾಂತಿದ್ದಿತ್. ಅಷ್ಟೊತ್ತಿಗೆ ಮೀನಿನ ಸೀತು ಬಂತ್. ಬುಟ್ಟಿ ದಣಪೆ ಹತ್ರ ಇಟ್ಟದ್ದೇ, ಸೊಂಟದ ತನಕ ನೀರಗೆ ಹೋಯಿ ಸೂಲಗಿತ್ತಿ ಕೈ ಹಿಡ್ಕಂಡ್ ಕರ್ಕಂಡ್ ಬಂತ್. ಈ ಅರ್ಚನಾನ ಅಪ್ಪ ಹುಟ್ಟದ್ ಅವತ್ತೇ. ಆ ಹೆಂಗ್ಸ್ ಈಗ್ಳ್ ಇತ್ತೋ ಇಲ್ಯೋ.”

ಅವರು ನನ್ನ ಮುಖ ನೋಡಿದರು. ಅರ್ಚನಾಳೂ ನೋಡಿದಳು. ಕ್ಯಾಸೆಟ್ಟು ತಿರುಗುತ್ತಿತ್ತು. ಒಂದೇ ಮಾತು ಹೇಳಿದರೆ ಸಾಕಿತ್ತು. ನಾನು ನೋಟ್‌ಬುಕ್ ನೋಡಿ ಗಡಿಬಿಡಿಯಲ್ಲಿ ಓದಿದೆ:

“ಪ್ರಶ್ನೆ ಹನ್ನೆರಡು. ನಿಮ್ಮ ಕಾಲದಲ್ಲಿ ಶಾಲೆಗಳು ಹೇಗಿದ್ದವು?”

ವಾಪಸು ಬರುವ ದಾರಿ ಅವತ್ತು ಉದ್ದವಾಗಿತ್ತು. ಸೊಂಟದ ತನಕದ ನೀರಿನಲ್ಲಿ ನಡೆದ ಹೆಂಗಸು ನಮ್ಮ ಜಗಲಿಯಲ್ಲಿ ಕೂತಿದ್ದಾಳೆ, ಅವಳ ಬಾಯಿಂದ ಈ ಕತೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ತಾನೆ ಹೇಳುವುದು. ಮನೆಗೆ ಬಂದವಳೇ ಅವಳ ಎದುರು ಕೂತೆ.

“ಅಜ್ಜಿ, ನಿನ್ ಮಾತೂ ರೆಕಾರ್ಡ್ ಮಾಡ್ತೆ.”

“ನಂದೆಂತ ಮಾತ್? ಮೀನ್ ಮಾರ್ದೆ, ಮಕ್ಳ್ ಹೆತ್ತೆ. ಕ್ಯಾಸೆಟ್ ದಂಡ.”

ಆಮೇಲೆ ಒಂದು ವಾರ ನಾನು ಬೇಡಿದ್ದೇ ಬೇಡಿದ್ದು. ಕಾಲು ಒತ್ತಿದೆ, ಎಲೆಯಡಿಕೆ ಕುಟ್ಟಿಕೊಟ್ಟೆ, ಬಾವಿಯಿಂದ ನೀರು ಸೇದಿಟ್ಟೆ. ಅಜ್ಜಿ ಎಲ್ಲವನ್ನೂ ಮಾಡಿಸಿಕೊಂಡು ಕೊನೆಗೆ ಒಂದೇ ಮಾತು ಹೇಳುತ್ತಿದ್ದಳು: ನನ್ನ ಹತ್ತಿರ ಏನೂ ಇಲ್ಲ. ಗಂಜಿಗೆ ಅವಳು ಮೀನು ಬಡಿಸುವಾಗ ನನ್ನ ತಟ್ಟೆಗೆ ಬಾಲದ ತುಂಡೇ ಬೀಳುತ್ತಿತ್ತು. ಅಮ್ಮನ ಹತ್ತಿರ ದೂರು ಹೇಳಲು ಹೋದರೆ ಅಲ್ಲಿ ಇನ್ನೂ ಚೆನ್ನಾಗಿ ಸಿಕ್ಕಿತು. ಜನ್ಮವಿಡೀ ಅತ್ತೆಯ ಜೊತೆ ಜಗಳ ಆಡಿದ ಅಮ್ಮ ಅವತ್ತು ಅತ್ತೆಯ ವಕೀಲಳಾದಳು.

“ಹಸ್ರ್ ಸೀರಿ ಉಟ್ಕಂಡ್ ಅಜ್ಜಿ ಕೂಕಂಡಾಗ್ಳ್ ನಿನ್ ಕಣ್ಣಿಗೆ ಎಂತಾಯಿತ್ತ್? ಮೀನಿನ ವಾಸ್ನಿ ಅಂದೇಳಿ ನಾಚ್ಕಿ ಅಲ್ದಾ ನಿಂಗೆ? ಆ ವಾಸ್ನಿಯಗೇ ನೀ ಹುಟ್ಟದ್, ಆ ವಾಸ್ನಿಯಗೇ ನೀ ಉಂಡದ್.”

ನಾನು ಅತ್ತುಬಿಟ್ಟೆ. ಅತ್ತದ್ದಕ್ಕೆ ಯಾರೂ ಕರಗಲಿಲ್ಲ. ಸೋಮವಾರ ಕ್ಯಾಸೆಟ್ಟು ಕೊಡಬೇಕು, ಅದರ ಒಂದು ಬದಿ ಇನ್ನೂ ಖಾಲಿ. ಶನಿವಾರ ಸಂಜೆ ಪಾತ್ರೆ ತೊಳೆಯುತ್ತಿರುವಾಗ ಫಕ್ಕನೆ ಹೊಳೆಯಿತು: ಅಜ್ಜಿ ‘ಇಲ್ಲ’ ಎನ್ನದ ಹೊತ್ತೊಂದು ದಿನಕ್ಕೆ ಒಂದು ಸಲ ಬರುತ್ತದಲ್ಲ!

ಭಾನುವಾರ ಬೆಳಿಗ್ಗೆ ಅಜ್ಜಿ ಕೊಡೆ ಬಿಚ್ಚಿ, ಬಾಳೆಲೆ ಹಾಸಿ, ಬಂಗುಡೆಗೆ ನೀರು ಚಿಮುಕಿಸುತ್ತಿದ್ದಳು. ನಾನು ಟೇಪ್‌ರೆಕಾರ್ಡರ್ ಹಿಡಿದುಕೊಂಡು, ಬಸ್ಸಿಗೆ ನಿಂತವರನ್ನೆಲ್ಲ ದಾಟಿ, ಸೀದಾ ಅವಳ ಎದುರು ಹೋಗಿ ಗಿರಾಕಿಯ ಹಾಗೆ ಕುಕ್ಕರುಗಾಲಿನಲ್ಲಿ ಕೂತೆ.

“ಅಜ್ಜಿ, ಇವತ್ತಿನ ಬೋಣಿ ನಂದ್.”

“ಮನಿಯವ್ರ್ ಬೋಣಿ ಮಾಡುದಾ?”

“ಮಾಡುಕಾಗ ಅಂದೇಳಿ ನೀ ಯಾವತ್ತಾರೂ ಹೇಳಿದ್ಯಾ?”

ಅಜ್ಜಿ ಯೋಚಿಸಿದಳು. ಹೇಳಿರಲಿಲ್ಲ. “ಎಂತ ಬೇಕ್ ಹಾಂಗಾರೆ? ಬಂಗ್ಡಿ ಇತ್ತ್, ಬೈಗಿ ಇತ್ತ್.”

“ನಿನ್ ಕತಿ ಬೇಕ್.”

ಅಜ್ಜಿಯ ಬಾಯಿ ತೆರೆಯಿತು. ಆ ಎರಡಕ್ಷರ ನಾಲಿಗೆಯ ತುದಿಯ ತನಕ ಬಂದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ. ಬಾಯಿ ಹಾಗೇ ಮುಚ್ಚಿತು. ಪಕ್ಕದಲ್ಲಿ ಗಿರಿಜಕ್ಕ ಚಪ್ಪಾಳೆ ತಟ್ಟಿ ನಕ್ಕಳು. ಕಾಣೆ ಮೀನಿನ ಸೇಡು ಅವಳಿಗೆ ಅವತ್ತು ತೀರಿತು.

“ಸಿಕ್ಕಿಬಿದ್ರಿ ಸೀತಕ್ಕ! ಹೇಳಿ ಕಾಂಬ ಈಗ್ಳ್ ‘ಇಲ್ಲೆ’ ಅಂದೇಳಿ!”

“ಹಾಳಾದ್ ಹೆಣ್ಣೆ, ನನ್ ಬಲಿಗ್ ನನ್ನೇ ಹಾಕ್ತ್ಯಲೆ,” ಎಂದು ಅಜ್ಜಿ ನನ್ನನ್ನು ದಿಟ್ಟಿಸಿದಳು. ಸಿಟ್ಟಿನ ಮುಖವೇ. ಆದರೆ ಒಂದು ವಾರದ ನಂತರ ಅವಳು ನನ್ನನ್ನು ನೇರವಾಗಿ ನೋಡಿದ್ದು ಆಗಲೇ. “ಆಯ್ತ್, ಕೊಡ್ತೆ. ಆರೆ ಕುರ್ಚಿ ಮೇಲ್ ಕೂಕಂಡ್ ಹೇಳುದ್ ನನ್ ಕೈಯಗೆ ಆಪ್ದಲ್ಲ. ನನ್ ಮಾತೆಲ್ಲ ದಾರಿ ಮೇಲೇ ಇಪ್ಪುದ್. ನಡಿ, ಹೋಪ.”

ಮೀನನ್ನೆಲ್ಲ ಗಿರಿಜಕ್ಕನಿಗೆ ವಹಿಸಿ ಅವಳು ಖಾಲಿ ಬುಟ್ಟಿ ಎತ್ತಿಕೊಂಡಳು. ತಲೆಗೆ ಸಿಂಬೆ ಸುತ್ತಿದಳು. ನಾನು ಟೇಪ್‌ರೆಕಾರ್ಡರ್ ಹಿಡಿದು ಹಿಂದೆ ಹೊರಟರೆ, ಹೊತ್ತುಕೊಂಡು ನಡೆಯುವ ವಿದ್ಯೆ ನಿನಗೆ ತಿಳಿಯದು ಎಂದು ಅದನ್ನೂ ಕಿತ್ತು ಬುಟ್ಟಿಯೊಳಗೆ ಇಟ್ಟುಬಿಟ್ಟಳು. ಮಾವನ ಟೇಪ್‌ರೆಕಾರ್ಡರ್, ಸೋಪು ಹಾಕಿ ತೊಳೆದ ಕೈ ಮಾತ್ರ ಮುಟ್ಟಬೇಕಾದದ್ದು, ನಲವತ್ತು ವರ್ಷ ಮೀನಿನ ನೀರು ಕುಡಿದ ಬುಟ್ಟಿಯಲ್ಲಿ ಕೂತು ಹೊಸಾಡಿಗೆ ಹೊರಟಿತು. ಆ ವಾಸನೆ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದಿನ ರಜೆಯಲ್ಲಿ ಬಂದ ಮಾವ ಅದನ್ನು ಮೂಸಿ ನೋಡಿ ಒಂದು ಹೊತ್ತು ಊಟ ಬಿಟ್ಟ.

ಮಂಡಿ ನೋವಿನವಳು ಅಷ್ಟು ದೂರ ಹೇಗೆ ನಡೆದಳು ಎಂದು ಇವತ್ತಿಗೂ ಆಶ್ಚರ್ಯ. ನಿಧಾನ ನಡೆದಳು, ಆದರೆ ಎಲ್ಲೂ ಬುಟ್ಟಿಗೆ ಕೈ ಕೊಡಲಿಲ್ಲ. ಒಂದೊಂದು ಮನೆಯ ದಣಪೆ, ಅಂದರೆ ಬೇಲಿಯ ಬಾಗಿಲು, ಬಂದಾಗಲೂ ಬುಟ್ಟಿಯನ್ನು ಬೇಲಿಗೆ ಒರಗಿಸಿ ಇಳಿಸುವಳು, ನಾನು ಗುಂಡಿ ಒತ್ತುವೆ, ಆ ಮನೆಯ ಮಾತು ಹೊರಗೆ ಬರುವುದು. ಈ ಮನೆಯ ಮುದುಕಿಗೆ ಕಣ್ಣು ಕಾಣದಾಗ ಮೀನಿನ ಮುಳ್ಳು ಬಿಡಿಸಿಯೇ ಕೊಟ್ಟು ಹೋಗುತ್ತಿದ್ದುದು. ಆ ಮನೆಯ ಮಗಳಿಗೆ ಗಂಡು ಹುಡುಕಿಕೊಟ್ಟದ್ದು. ಇನ್ನೊಂದು ಮನೆಯ ಮಗ ಮುಂಬಯಿಗೆ ಓಡಿಹೋದಾಗ ನಮ್ಮ ಕೇರಿಯ ಹುಡುಗರಿಂದ ಸುದ್ದಿ ತರಿಸಿ ಅವನ ತಾಯಿಗೆ ಮುಟ್ಟಿಸಿದ್ದು. ಟೆಲಿಫೋನು ಬರುವ ಮುಂಚೆ ಈ ಊರುಗಳ ನಡುವೆ ಸುದ್ದಿ ಹೊತ್ತವಳು ನಮ್ಮ ಮನೆಯವಳು! ನನ್ನ ನೋಟ್‌ಬುಕ್ಕಿನ ಇಪ್ಪತ್ತು ಪ್ರಶ್ನೆಗಳಲ್ಲಿ ಒಂದನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಇಷ್ಟು ಮನೆಯ ಒಳಗುಟ್ಟು ಗೊತ್ತಿದ್ದೂ ನೀನು ಯಾರ ಮನೆಯ ಒಳಗೂ ಹೋಗಲಿಲ್ಲವೇ ಎಂದು ನಾನು ನಾನಾಗಿಯೇ ಕೇಳಿದೆ.

“ಒಳ್ಗ್ ಹೋದ್ರೆ ಆ ಒಂದ್ ಮನಿಯಳ್ ಆತೆ. ದಣಪೆ ಹತ್ರ ನಿಂತ್ರೆ ಇಡೀ ಊರಿನವಳ್.”

ಅದು ಪೂರ್ತಿ ನಿಜವಲ್ಲ ಎಂಬುದು ಆಗಲೂ ನನಗೆ ತಿಳಿಯುತ್ತಿತ್ತು. ಆ ಕಾಲದಲ್ಲಿ ಅವಳನ್ನು ಒಳಗೆ ಕರೆದವರಾದರೂ ಯಾರು? ಆದರೆ ಕರೆಯದಿದ್ದುದನ್ನು ನೆನೆದು ಅವಳು ಕುಗ್ಗಿರಲಿಲ್ಲ. ನಿಂತ ಜಾಗವನ್ನೇ ತನ್ನದು ಮಾಡಿಕೊಂಡಿದ್ದಳು.

ಕೊನೆಯದು ಮೇಷ್ಟ್ರ ಮನೆ. ಅಜ್ಜಿ ಬುಟ್ಟಿಯನ್ನು ದಣಪೆಯ ಮೇಲಿಟ್ಟಳು, ನಾನು ಗುಂಡಿ ಒತ್ತಿದೆ. ಅಜ್ಜಿ ಕತ್ತೆತ್ತಿ ಕೂಗಿದಳು:

“ಹ್ವಾಯ್! ಮೀನ್ ಬಂತ್!”

ಮೇಷ್ಟ್ರು ಕನ್ನಡಕ ಸರಿಮಾಡಿಕೊಳ್ಳುತ್ತಾ ಅಂಗಳಕ್ಕೆ ಇಳಿದರು. ಹಿಂದೆ ಅರ್ಚನಾ, ಅವಳ ಅಪ್ಪ.

“ಸೀತೂ? ನೀನಾ ಮಾರಾಯ್ತಿ!”

ಅರ್ಚನಾ ಅಜ್ಜಿಯನ್ನು ನೋಡಿ, ನನ್ನನ್ನು ನೋಡಿ ಕೇಳಿದಳು: “ನಿಂಗ್ ಇವ್ರ್ ಗುರ್ತಾ?”

“ನನ್ನಜ್ಜಿ,” ಎಂದೆ. ದನಿ ಸಣ್ಣದಾಯಿತು ಅನ್ನಿಸಿ ಮತ್ತೊಮ್ಮೆ, ಅಂಗಳದ ಆಚೆ ತುದಿಗೂ ಕೇಳುವ ಹಾಗೆ ಹೇಳಿದೆ: “ಇವ್ರ್ ನನ್ನಜ್ಜಿ!”

ಮೇಷ್ಟ್ರಿಗೆ ಆಶ್ಚರ್ಯ. “ಮೊನ್ನಿ ಇಲ್ಲೇ ಕೂಕಂಡಿದ್ಯಲೆ ಮಗ, ಹೇಳ್ಲೇ ಇಲ್ಯಲೆ?”

ಉತ್ತರ ಕೊಟ್ಟದ್ದು ಅಜ್ಜಿ.

“ಅವತ್ತ್ ಈ ಹೆಣ್ಣಿಗ್ ಪ್ರಶ್ನಿ ಸುಮಾರ್ ಇತ್ತಂಬ್ರ್ ಮೇಷ್ಟ್ರೆ, ಪುರ್ಸೊತ್ತಾಯ್ಲಿಲ್ಲೆ.”

ಆಮೇಲೆ ನೆರೆಯ ಮಾತು ಬಂತು. ಮೇಷ್ಟ್ರು ಮತ್ತೆ ಸೊಂಟದ ತನಕ ನೀರು ಎಂದರು. ಅಜ್ಜಿ ಅಲ್ಲಿಗೇ ತಡೆದಳು.

“ಸೊಂಟದ ತನಕ ಎಲ್ಲಿತ್ತ್ ಮೇಷ್ಟ್ರೆ? ಮೊಣಕಾಲ್. ಹೆಚ್ಚ್ ಮಾಡಿ ಹೇಳ್ಬೇಡಿ, ಮಕ್ಳ್ ಕ್ಯಾಸೆಟ್ ಮಾಡ್ತೊ. ಆರೆ ನಾ ಸೂಲಗಿತ್ತಿ ಕರುಕ್ ಹೋದಾಗ್ಳ್ ನಿಮ್ಮ ಬೆಕ್ಕ್ ನನ್ ಅರ್ಧ ಬುಟ್ಟಿ ಬೈಗಿ ತಿಂತಲೆ, ಅದನ್ನೆಂತಕ್ ಹೇಳುದಿಲ್ಲೆ ನೀವ್?”

ಅಂಗಳವೆಲ್ಲ ನಗು. ಅವತ್ತು ಹುಟ್ಟಿದ ಮಗು, ಅಂದರೆ ಅರ್ಚನಾಳ ಅಪ್ಪ, ಅರ್ಧ ನರೆತ ಮೀಸೆಯೊಳಗೆ ನಗುತ್ತಾ ಕಣ್ಣೊರೆಸಿಕೊಂಡರು. ಒಳಗೆ ಬಾ ಸೀತು, ಬಾಯಾರಿಕೆಗೆ ಆಸ್ರಿ ಕುಡಿದು ಹೋಗು ಎಂದು ಮೇಷ್ಟ್ರು ಎರಡು ಸಲ ಕರೆದರು. ಇನ್ನೊಂದು ದಿನ ಬರುತ್ತೇನೆ ಎಂದಳು. ಆಗ ಆ ಮುದುಕರು ದಣಪೆಯ ತನಕ ನಡೆದು ಬಂದು, ತಾವೇ ಬುಟ್ಟಿಗೆ ಕೈ ಕೊಟ್ಟು ಅವಳ ತಲೆಯ ಮೇಲೆ ಏರಿಸಿದರು. ಅಜ್ಜಿ ಮುಂದೆ ಹೊರಟಳು. ಅರ್ಚನಾ ನನ್ನನ್ನು ಪೇರಳೆ ಮರದ ಹತ್ತಿರ ಎಳೆದುಕೊಂಡು ಹೋದಳು. ಬುಟ್ಟಿಯೊಳಗಿನ ಟೇಪ್‌ರೆಕಾರ್ಡರ್ ನಿಲ್ಲಿಸುವುದು ನನಗೂ ಅಜ್ಜಿಗೂ ಮರೆತುಹೋಯಿತು. ನಾನು ಓಡಿಹೋಗಿ ಅಜ್ಜಿಯನ್ನು ಹಿಡಿದದ್ದು ಗದ್ದೆಯ ಕೊನೆಯಲ್ಲಿ.

ಸಂಜೆ ಜಗಲಿಯಲ್ಲಿ ಕ್ಯಾಸೆಟ್ಟು ಹಾಕಿದೆ. ಅಜ್ಜಿಗೆ ಮೊದಲು ಮೇಷ್ಟ್ರ ಬದಿಯೇ ಕೇಳಬೇಕಂತೆ. ಬೇಡ ಎನ್ನಲು ನೆವ ಸಿಗಲಿಲ್ಲ. ಅವಳು ಕಿವಿ ಹತ್ತಿರ ತಂದು ಕೇಳಿದಳು: ನೆರೆ, ಸೂಲಗಿತ್ತಿ, ಆ ಹೆಂಗಸು ಈಗ ಇದ್ದಾಳೋ ಇಲ್ಲವೋ. ಆಮೇಲೆ ಆ ಮೌನ. ಆಮೇಲೆ ನನ್ನದೇ ದನಿ, ಪ್ರಶ್ನೆ ಹನ್ನೆರಡು. ನಾನು ತಲೆ ಎತ್ತಲಿಲ್ಲ. ಅಷ್ಟನ್ನು ಅಳಿಸಿಬಿಡುತ್ತೇನೆ ಎಂದು ಗುಂಡಿಗೆ ಕೈ ಹಾಕಿದಾಗ ಅಜ್ಜಿ ನನ್ನ ಕೈ ಹಿಡಿದಳು.

“ಅಳ್ಸ್ಬ್ಯಾಡ. ನೀ ಸುಮ್ನಿದ್ದದ್ದೂ ನಡದ್ದೇ ಅಲ್ದಾ? ನಡದ್ದಷ್ಟೂ ಇರ್ಲಿ.”

ಇನ್ನೊಂದು ಬದಿ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಸೆಲ್ಲುಗಳೂ ದಾರಿಯಲ್ಲೇ ಸೋತಿದ್ದವು. ಅವತ್ತು ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಬಂಗುಡೆಯ ನಡುತುಂಡು ಬಿತ್ತು. ಅಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಸಾರಿಗೆ ಇನ್ನಷ್ಟು ಹುಳಿ ಹಿಂಡಿದಳು.

ಈಗ ನಾನೂ ಟೀಚರ್. ಯಡ್ತರೆಯ ಹತ್ತಿರದ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಮಕ್ಕಳನ್ನು ಹಿರಿಯರ ಮಾತು ದಾಖಲು ಮಾಡಲು ಕಳಿಸುತ್ತೇನೆ. ಅವರೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಪ್ರಶ್ನೆಪಟ್ಟಿ ಕೊಡುವ ಮೊದಲು ನಾನು ನನ್ನ ಕ್ಯಾಸೆಟ್ಟಿನ ಎರಡೂ ಬದಿ ಕೇಳಿಸುತ್ತೇನೆ. ಮೌನದ ಜಾಗ ಬಂದಾಗ, ಟೀಚರ್, ಇಲ್ಲಿ ನೀವು ಯಾಕೆ ಸುಮ್ಮನಿದ್ದಿರಿ ಎಂದು ಒಂದಾದರೂ ಮಗು ಕೇಳೇ ಕೇಳುತ್ತದೆ. ನಾಚಿಕೆಯಾಗಿತ್ತು ಎಂದು ಹೇಳುತ್ತೇನೆ. ಹೇಳುವುದಕ್ಕೆ ಈಗ ನಾಚಿಕೆಯಿಲ್ಲ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ನಾನು ಏನಾದರೂ ಆಗಿದ್ದರೆ ಅದು ಆ ಬುಟ್ಟಿಯ ಹಿಂದೆ ನಡೆದ ಅರ್ಧ ದಿನದಿಂದ ಆದದ್ದು, ಇದನ್ನು ಎಷ್ಟು ಹೆಮ್ಮೆಯಿಂದ ಬರೆದರೂ ನನಗೆ ಸಾಲದು.

ಎರಡನೆಯ ಬದಿಯನ್ನು ನಾನು ಮೊದಲ ಸಲ ಪೂರ್ತಿ ಕೇಳಿದ್ದು ಆ ಸೋಮವಾರ, ವಿಮಲಾ ಟೀಚರ್ ಕ್ಲಾಸಿನಲ್ಲಿ, ನಲವತ್ತು ಮಕ್ಕಳ ಜೊತೆ. ಬೆಕ್ಕಿನ ಮಾತಿಗೆ ಎಲ್ಲರೂ ನಕ್ಕರು. ಬುಟ್ಟಿ ಏರಿಸಿದ ಸದ್ದು ಬಂತು. ಮುಗಿಯಿತು ಎಂದು ಟೀಚರ್ ಗುಂಡಿಗೆ ಕೈ ಇಟ್ಟರು. ಆದರೆ ಕ್ಯಾಸೆಟ್ಟಿನಲ್ಲಿ ಇನ್ನೂ ಹೆಜ್ಜೆ ಕೇಳುತ್ತಿತ್ತು, ನಿಧಾನದ, ಎಳೆದು ಹಾಕುವ ಹೆಜ್ಜೆ. ನಾನು ಪೇರಳೆ ಮರದ ಕೆಳಗೆ ಇದ್ದ ಹೊತ್ತು ಅದು. ದಾರಿಯಲ್ಲಿ ಅಜ್ಜಿಯೊಬ್ಬಳೇ. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು, ಯಾರಿಗೂ ಅಲ್ಲ, ಗದ್ದೆಗೆ ಹೇಳಿದ ಹಾಗೆ.

“ಕೇಂಡ್ರ್ಯಾ? ನನ್ನಜ್ಜಿ ಅಂದೇಳಿ ಹೇಳ್ತ್. ಎಲ್ಲರೆದ್ರಿಗೇ ಹೇಳ್ತ್.”

ಮತ್ತೆ ನಾಲ್ಕು ಹೆಜ್ಜೆ. ಆಮೇಲೆ ಕ್ಲಾಸಿನ ಕಿಟಕಿಯೇ ನಡುಗುವ ಹಾಗೆ, ಮಂಡಿ ನೋವು ಬರುವ ಮೊದಲಿನ ಗಂಟಲಿನಲ್ಲಿ ಅವಳು ಕೂಗಿದಳು:

“ಹ್ವಾಯ್! ಬಂಗ್ಡಿ ಬಂತ್! ಕಾಣಿ ಬಂತ್!”

ಬುಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ.